ಶುಕ್ರಕ್ಕೆ ಹೋದ ಬಿಳಿ

ಬಿಳಿ ಎಂದರೆ ಏನೆಂದು ನನಗೆ ಹೇಳಿಕೊಡುವುದಕ್ಕೆ ಮಾಸ್ಕೋದಿಂದ ಇಬ್ಬರು ಬಂದಿದ್ದರು. ಆಗ ನಾನು ಗ್ಝೆಲ್‌ನ ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಅರೆಯಲು ಹಿಡಿದು ಮೂವತ್ತೊಂದು ವರ್ಷವಾಗಿತ್ತು. ಬಿಳಿ ಬಟ್ಟಲಿನ ಮೇಲೆ ನೀಲಿ ಹೂವು ಬರೆಯುವ ಊರು ನಮ್ಮದು. ಬಿಳಿ ಕೆಟ್ಟರೆ ನೀಲಿಯೂ ಕೆಟ್ಟಂತೆ ಎಂಬುದು ಇಲ್ಲಿ ಶಾಲೆಗೆ ಹೋಗದ ಮಕ್ಕಳಿಗೂ ಗೊತ್ತು. ಬಂದವರಿಗೆ ಗೊತ್ತಿರಲಿಲ್ಲ. ಅದಕ್ಕೇ ಮೊದಲ ಹತ್ತು ನಿಮಿಷ ನಾನು ಅವರಿಗೆ ಕೂರಲು ಕುರ್ಚಿಯನ್ನೂ ಕೊಡಲಿಲ್ಲ.

ಇಬ್ಬರಲ್ಲಿ ದೊಡ್ಡವರು ರೊದಿಯೋನ್ ಸವೇಲ್ಯೆವಿಚ್. ಶುಕ್ರಗ್ರಹಕ್ಕೆ ಯಂತ್ರ ಕಳಿಸುವ ಸಂಸ್ಥೆಯಲ್ಲಿ ಕ್ಯಾಮೆರಾ ವಿಭಾಗದ ಮುಖ್ಯಸ್ಥರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮುಖ. ಚಿಕ್ಕವಳು ನೊನ್ನಾ, ಅವರ ಕೈಕೆಳಗಿನ ಇಂಜಿನಿಯರ್. ಯಂತ್ರ ಕಳಿಸುವ ಚಿತ್ರಗಳ ಬಣ್ಣ ನೋಡಿಕೊಳ್ಳುವುದು ಅವಳ ಕೆಲಸ. ಬಂದವಳೇ ನಮ್ಮ ಹೆಂಗಸರ ನಡುವೆ ತೂರಿಕೊಂಡು ಎಲೆಕೋಸಿನ ಕಡುಬು ತಿನ್ನತೊಡಗಿದಳು. ನನಗೆ ಅವಳು ಅಲ್ಲೇ ಹಿಡಿಸಿಬಿಟ್ಟಳು.

ವಿಷಯ ಇಷ್ಟು. ಶುಕ್ರನ ನೆಲದ ಬಣ್ಣ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಮೇಲೆಲ್ಲ ಮೋಡ, ಒಂದು ಬೆರಳಿನಷ್ಟೂ ಸಂದಿಯಿಲ್ಲ. ಆ ಮೋಡದಲ್ಲಿರುವುದು ಮಳೆನೀರಲ್ಲ, ಗಂಧಕದ ಆಮ್ಲ. ಕೆಳಗೆ ನಾನೂರ ಅರವತ್ತು ಡಿಗ್ರಿ ಬಿಸಿ, ಸೀಸವನ್ನು ಇಟ್ಟರೆ ಕರಗಿ ಹರಿಯುತ್ತದೆ. ಗಾಳಿಯ ಭಾರವೋ, ಸಮುದ್ರದೊಳಗೆ ಸುಮಾರು ಒಂದು ಕಿಲೋಮೀಟರು ಇಳಿದರೆ ಎಷ್ಟಿರುತ್ತದೋ ಅಷ್ಟು. ಅಂಥ ಕಡೆ ಕ್ಯಾಮೆರಾ ತೋರಿಸುವ ಬಣ್ಣವನ್ನು ನಂಬುವುದು ಹೇಗೆ? ಅದಕ್ಕೆ ಯಂತ್ರದ ಕಾಲ ಬಳಿ ಒಂದು ಪಟ್ಟಿ ಇಡುತ್ತಾರೆ. ಅದರಲ್ಲಿ ಬಿಳಿ, ಬೂದು, ಕೆಂಪು, ಹಸಿರು, ನೀಲಿ. ಕಲ್ಲುಗಳ ಜೊತೆ ಪಟ್ಟಿಯೂ ಚಿತ್ರದಲ್ಲಿ ಬರುತ್ತದೆ. ಪಟ್ಟಿಯ ಬಿಳಿ ಎಷ್ಟು ಬದಲಾಗಿ ಕಂಡಿದೆ ಎಂದು ನೋಡಿ, ಅಷ್ಟನ್ನು ಕಲ್ಲಿನ ಬಣ್ಣದಿಂದ ಕಳೆದರೆ ನಿಜವಾದ ಬಣ್ಣ ಸಿಗುತ್ತದೆ. ಸಾಮಾನ್ಯ ಬಣ್ಣವಾದರೆ ಆ ಬಿಸಿಗೆ ಸುಟ್ಟುಹೋಗುತ್ತದೆ. ಬೆಂಕಿಯಲ್ಲಿ ಬೇಯಿಸಿದ ಬಣ್ಣ ಬೇಕು, ಅದಕ್ಕೇ ನಮ್ಮ ಬಾಗಿಲಿಗೆ ಬಂದಿದ್ದರು.

"ಬಿಳಿ ನೀವು ಮಾಡ್ಬೇಕಾಗಿಲ್ಲ," ಎಂದರು ರೊದಿಯೋನ್ ಸವೇಲ್ಯೆವಿಚ್. "ಅದು ನಮ್ಮ ರಸಾಯನ ವಿಭಾಗದ್ದು. ಪರೀಕ್ಷೆ ಆಗಿದೆ, ಮೂರು ಸಹಿ ಬಿದ್ದಿದೆ. ಬಾಕಿ ನಾಲ್ಕು ಬಣ್ಣ ನೀವು ಮಾಡಿ. ಬಿಳಿ ಅಂದ್ರೆ ಏನು ಅಂತ ಹೇಳ್ತೀನಿ ಕೇಳಿ. ಎಲ್ಲಾ ಬಣ್ಣದ ಬೆಳಕನ್ನೂ ಸಮವಾಗಿ ವಾಪಸ್ ಕಳಿಸೋದು."

"ಅಷ್ಟೇನಾ? ಛೆ, ಮೊದ್ಲೇ ಹೇಳಿದ್ರೆ ಮೂವತ್ತೊಂದು ವರ್ಷ ಉಳೀತಿತ್ತಲ್ಲ," ಎಂದೆ.

ನೊನ್ನಾ ಕಡುಬು ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮತೊಡಗಿದಳು. ಅವರು ನಗಲಿಲ್ಲ.

ನಾಲ್ಕು ಬಣ್ಣ ಮಾಡುವುದಕ್ಕೆ ಮೂರು ತಿಂಗಳು ಹಿಡಿಯಿತು. ಕೆಂಪು ನನ್ನ ಪ್ರಾಣ ತಿಂದಿತು. ನೀಲಿ ನಮ್ಮ ಮನೆಮಗಳು, ಹೇಳಿದ ಹಾಗೆ ಕೇಳಿತು. ಐದನೆಯದಾಗಿ ಅವರ ಬಿಳಿಯನ್ನು ಕೂರಿಸಿ, ಇಡೀ ಪಟ್ಟಿಯನ್ನು ಒಮ್ಮೆ ನಾನೂರ ಅರವತ್ತಕ್ಕೆ ಇಟ್ಟು ನೋಡೋಣವೆಂದು ನಮ್ಮ ಚಿಕ್ಕ ಕುಲುಮೆಗೆ ಹಾಕಿದೆ.

ಇಲ್ಲಿ ನಮ್ಮ ಒಂದು ಅಭ್ಯಾಸವನ್ನು ಹೇಳಬೇಕು. ನಮ್ಮಲ್ಲಿ ಯಾವ ಕುಲುಮೆಗೂ ಒಂದು ಕಣ್ಣುಕಿಂಡಿ ಇರುತ್ತದೆ. ಬೇಯುತ್ತಿರುವಾಗಲೇ ಅದರಲ್ಲಿ ಕಣ್ಣಿಟ್ಟು ನೋಡದೆ ಇದ್ದರೆ ನಮಗೆ ಊಟ ಸೇರುವುದಿಲ್ಲ. ನನ್ನ ತಾಯಿ ನೋಡುತ್ತಿದ್ದಳು, ಅವಳ ತಾಯಿಯೂ ನೋಡುತ್ತಿದ್ದಳು. ನಮ್ಮ ಮನೆಯ ಹೆಂಗಸರೆಲ್ಲರ ಬಲಗಡೆಯ ಹುಬ್ಬು ಅರ್ಧ ಸುಟ್ಟಿರುತ್ತದೆ. ನಾನೂರ ಅರವತ್ತರಲ್ಲಿ ಕುಲುಮೆ ಕೆಂಪಗೂ ಆಗಿರುವುದಿಲ್ಲ, ಒಳಗೆ ಕಗ್ಗತ್ತಲೆ. ಟಾರ್ಚು ತಂದು ಕಿಂಡಿಯಲ್ಲಿ ಬೆಳಕು ಬಿಟ್ಟೆ.

ಕೆಂಪು ಕೊಂಚ ಕಪ್ಪಾಗಿತ್ತು, ಅದು ನನಗೆ ಗೊತ್ತಿದ್ದದ್ದೇ. ನೀಲಿ ನೀಲಿಯಾಗಿಯೇ ಇತ್ತು. ಆದರೆ ಆ ಬಿಳಿ, ಮೂರು ಸಹಿಯ ಬಿಳಿ, ಮೊಟ್ಟೆಯ ಒಳಭಾಗದ ಹಾಗೆ ಹಳದಿ ತಿರುಗಿ ಕೂತಿತ್ತು.

ಕುಲುಮೆಯನ್ನು ಆರಿಸಿದೆ. ಬಿಸಿ ಇಳಿದಂತೆ ಹಳದಿಯೂ ಇಳಿಯಿತು. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದಾಗ ಮತ್ತೆ ಬೆಳ್ಳಗೆ, ಏನೂ ಆಗೇ ಇಲ್ಲವೆಂಬಂತೆ. ಸತುವಿನಿಂದ ಮಾಡಿದ ಬಿಳಿಯ ಬುದ್ಧಿಯೇ ಅದು. ಸಂಸ್ಥೆಯವರ ಕುಲುಮೆಗೆ ಕಿಂಡಿ ಇಲ್ಲ. ಕಾಯಿಸುತ್ತಾರೆ, ಪೂರ್ತಿ ತಣ್ಣಗಾದ ಮೇಲೆಯೇ ಬಾಗಿಲು ತೆರೆಯುತ್ತಾರೆ, ಅಳೆಯುತ್ತಾರೆ, ಸಹಿ ಹಾಕುತ್ತಾರೆ. ಅದು ಅವರ ನಿಯಮ. ಅಷ್ಟು ಓದಿದವರು ಒಬ್ಬರೂ ಬಿಸಿಯಲ್ಲಿ ನೋಡಿರಲಿಲ್ಲ. ಶುಕ್ರನೇನು ಚಿತ್ರ ತೆಗೆಯುವಾಗ ತಣ್ಣಗಾಗಿ ಕಾಯುತ್ತಾನೆಯೇ? ಹಳದಿಯನ್ನು ಬಿಳಿಯೆಂದು ನಂಬಿ ಲೆಕ್ಕ ಹಾಕಿದರೆ ಕಲ್ಲೆಲ್ಲ ಸುಳ್ಳು ಬಣ್ಣದಲ್ಲಿ ಕಾಣುತ್ತದೆ.

ನನ್ನ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯ ಆಫೀಸಿನಿಂದ ಫೋನು ಮಾಡಿದೆ.

"ಗ್ರೂಶಾ ಚಿಕ್ಕಮ್ಮ, ಸರಿಯಾಗಿ ನೋಡಿದ್ಯಾ?" ಎಂದಳು ನೊನ್ನಾ. ನನ್ನ ಹೆಸರು ಅಗ್ರಿಪೀನಾ ತಿಮೊಫೆಯೆವ್ನಾ. ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇಲ್ಲ.

"ನಾನೇನು ಕಣ್ಣನ್ನ ಬಾಡಿಗೆಗೆ ತಂದಿದ್ದೀನಾ? ನಿಮ್ಮ ಸಾಹೇಬ್ರನ್ನ ಕರ್ಕೊಂಡ್ ಬಾ."

"ಹನ್ನೊಂದು ದಿನದಲ್ಲಿ ಪಟ್ಟಿ ಯಂತ್ರಕ್ಕೆ ಕೂರ್ಬೇಕು. ಅವ್ರು ಬರಲ್ಲ ಅಂತಾರೆ."

"ಬರದೆ ಇದ್ರೆ ಪಟ್ಟಿ ನನ್ ಹತ್ರಾನೇ ಇರುತ್ತೆ. ನೀಲಿ ಚೆನ್ನಾಗಿದೆ, ನಮ್ಮನೆ ಗೋಡೆಗೆ ತೂಗುಹಾಕ್ತೀನಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಬಂದರು. ರೊದಿಯೋನ್ ಸವೇಲ್ಯೆವಿಚ್ ಕುಲುಮೆಯ ಮುಂದೆ ಕರವಸ್ತ್ರ ಹಾಸಿ ಮಂಡಿಯೂರಿದರು. ನಾನು ಟಾರ್ಚು ಹಿಡಿದೆ.

"ಇದು ನಮ್ಮ ಬಿಳೀನೇ ಅಂತ ಏನು ಗ್ಯಾರಂಟಿ?" ಎಂದರು ಕಿಂಡಿಯಿಂದ ಕಣ್ಣು ತೆಗೆಯದೆ.

"ಪಕ್ಕದಲ್ಲಿ ನಿಮ್ಮ ಮುದ್ರೆ ಇದೆ, ನೋಡಿ. ಅದನ್ನೂ ನಾನೇ ಕೆತ್ತಿದೆ ಅಂತೀರಾ?"

ಕುಲುಮೆ ಆರಿಸಿದೆ. ಅವರು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ, ಹೋಗಲಿಲ್ಲ. ಮಣ್ಣು ಕಲಸುವ ತೊಟ್ಟಿಯೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು, ಪೂರ್ತಿ ಎರಡು ಗಂಟೆ ಹಳದಿ ಇಳಿದು ಬಿಳಿಯಾಗುವುದನ್ನು ನೋಡಿದರು. ಕೊನೆಗೆ ಎದ್ದಾಗ ಅವರ ಕೋಟಿನ ಹಿಂಭಾಗವೆಲ್ಲ ಜೇಡಿ. ಬಲಹುಬ್ಬು ಕೊಂಚ ಕರಕಲಾಗಿತ್ತು. ಕೋಟು ಬಿಚ್ಚಿ ಮೊಳೆಗೆ ತಗುಲಿಹಾಕಿ, "ಹತ್ತು ದಿನ ಇದೆ. ಎಲ್ಲಿಂದ ಶುರು ಮಾಡೋಣ?" ಎಂದು ಕೇಳಿದರು. ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಇಳಿದುಹೋಯಿತು.

ನಾವು ಶುರು ಮಾಡಿದ್ದು ಬಟ್ಟಲು ಒಡೆಯುವುದರಿಂದ. ನನ್ನ ಲೆಕ್ಕ ಸರಳವಾಗಿತ್ತು: ಬಿಸಿಯಲ್ಲೂ ಬಣ್ಣ ಬದಲಿಸದ ಬಿಳಿ ಯಾವುದಾದರೂ ಇದ್ದರೆ ಅದು ಪಿಂಗಾಣಿಯೇ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಡೊಂಕು ಬಟ್ಟಲುಗಳನ್ನೆಲ್ಲ ಪುಡಿ ಮಾಡಿ, ಹಿಟ್ಟಿನಂತೆ ಅರೆದು, ಅದರಿಂದಲೇ ಬಣ್ಣ ಕಟ್ಟುವುದು. ಜೀವಮಾನವೆಲ್ಲ ಬಟ್ಟಲು ಒಡೆಯದಂತೆ ಉಸಿರು ಬಿಗಿಹಿಡಿದು ಕೆಲಸ ಮಾಡಿದ ಹೆಂಗಸರಿಗೆ ಒಡೆಯಿರಿ ಎಂದು ಅಪ್ಪಣೆ ಸಿಕ್ಕರೆ ಹೇಗಿರುತ್ತದೆ? ಮೂರು ದಿನ ನಮ್ಮ ಅಂಗಳದಲ್ಲಿ ಮದುವೆಮನೆಯ ಗದ್ದಲ. ಒಬ್ಬೊಬ್ಬಳು ಒಂದೊಂದು ಬಟ್ಟಲಿಗೆ ತನ್ನ ಅತ್ತೆಯ ಹೆಸರೋ ಮೇಲ್ವಿಚಾರಕನ ಹೆಸರೋ ಇಟ್ಟು ಗೋಡೆಗೆ ಎಸೆಯುತ್ತಿದ್ದಳು. ರೊದಿಯೋನ್ ಸವೇಲ್ಯೆವಿಚ್ ಒಂದು ಟೀ ಕೆಟಲನ್ನು ಎತ್ತಿಕೊಂಡು ಬಹಳ ಹೊತ್ತು ಯೋಚಿಸಿದರು.

"ಯಾರ ಹೆಸರು ಹೇಳ್ಲಿ?" ಎಂದರು.

"ಸಂಕೋಚ ಯಾಕೆ? ನನ್ನದೇ ಹೇಳಿ, ಆರೋಗ್ಯಕ್ಕೆ ಒಳ್ಳೇದು," ಎಂದೆ.

ಅವರು ಮೊದಲ ಬಾರಿ ನಕ್ಕರು. ಕೆಟಲು ಚೂರುಚೂರಾಯಿತು.

ಎಂಟು ಸಲ ಬೇಯಿಸಿದ್ದು ಹಾಳಾಯಿತು: ಒಂದು ಬಿರುಕು ಬಿಟ್ಟಿತು, ಒಂದು ಉದುರಿತು, ಒಂದು ಹಸಿರಾಯಿತು, ಅದು ಏಕೆಂದು ಇವತ್ತಿಗೂ ನನಗೆ ತಿಳಿಯದು. ಒಂಬತ್ತನೆಯದನ್ನು ನಾನೂರ ಅರವತ್ತರಲ್ಲಿಟ್ಟು ಅವರೂ ನಾನೂ ಎರಡು ಗಂಟೆ ಸರದಿಯ ಮೇಲೆ ಕಿಂಡಿಯಲ್ಲಿ ಕಣ್ಣಿಟ್ಟೆವು. ಟಾರ್ಚಿನ ಬೆಳಕಿನಲ್ಲಿ ಅದು ಹಾಲಿನಷ್ಟು ಬೆಳ್ಳಗೆ ನಿಂತಿತ್ತು, ಒಂದು ಕ್ಷಣವೂ ಕದಲಲಿಲ್ಲ.

"ಬಿಸಿಯಲ್ಲಿ ನೋಡಿದ್ವಿ ಅಂತ ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ಲ," ಎಂದರು ಅವರು ಕಾಗದ ತಿರುವಿಹಾಕುತ್ತ. "ತಣ್ಣಗಾದ ಮೇಲಿನ ಅಳತೆ ಅಷ್ಟೇ ಬರೀಬಹುದು. ಕೆಳಗೆ ತಯಾರಿಸಿದವರ ಸಹಿ. ಹಾಕಿ. ಇವತ್ತಿಂದ ಈ ಬಿಳಿಗೆ ನೀವೇ ಹೊಣೆ."

ಸಹಿ ಹಾಕಿದೆ. ನನ್ನ ಮಾತನ್ನು ನಂಬಿ ಮೂರು ಸಹಿಯ ಬಿಳಿಯನ್ನು ಕಿತ್ತುಹಾಕಿದ್ದರು. ನನ್ನದು ತಪ್ಪಾದರೆ ಅಷ್ಟು ದೂರ ಹೋದ ಯಂತ್ರ ಬಣ್ಣದ ವಿಷಯದಲ್ಲಿ ಕುರುಡಾಗುತ್ತಿತ್ತು. ನೊನ್ನಾಳ ಆರು ವರ್ಷದ ಕೆಲಸ ಮಣ್ಣುಪಾಲು.

ಯಂತ್ರ ಶರತ್ಕಾಲದಲ್ಲಿ ಹೊರಟಿತು. ನಾಲ್ಕು ತಿಂಗಳ ಪ್ರಯಾಣ. ಫೆಬ್ರವರಿ ಕೊನೆಯಲ್ಲಿ, ಹಿಮ ಕೊಳೆಯಾಗಿ ಕರಗುವ ದಿನಗಳಲ್ಲಿ, ನನಗೆ ಮಾಸ್ಕೋದಿಂದ ಕರೆ ಬಂತು. ಫಾರಂಗೆ ಸಹಿ ಹಾಕಿದವರೆಲ್ಲ ಇಳಿಯುವ ದಿನ ಹಾಜರಿರಬೇಕು, ಅದೂ ಒಂದು ನಿಯಮ. ಹಬ್ಬದ ಶಾಲು ಹೊದ್ದು, ಒಂದು ಡಬ್ಬಿ ಉಪ್ಪಿನ ಸೌತೆಕಾಯಿ ಹಿಡಿದು ಹೋದೆ.

ಅಂದು ಮಧ್ಯಾಹ್ನ ಸಂಸ್ಥೆಯ ದೊಡ್ಡ ಸಭಾಂಗಣದಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಯಂತ್ರ ಮೋಡದೊಳಗೆ ಒಂದು ಗಂಟೆ ಇಳಿಯುತ್ತಲೇ ಇತ್ತು. ಧ್ವನಿವರ್ಧಕದಲ್ಲಿ ಒಬ್ಬ ಬಿಸಿ ಎಷ್ಟು, ಗಾಳಿಯ ಒತ್ತಡ ಎಷ್ಟು ಎಂದು ಓದುತ್ತಿದ್ದ, ಎರಡೂ ಏರುತ್ತಲೇ ಹೋದವು. ಆಮೇಲೆ "ನೆಲ" ಎಂದ, ಅಷ್ಟೇ. ಗಡ್ಡದ ಗಂಡಸರು ಒಬ್ಬರನ್ನೊಬ್ಬರು ಮುದ್ದಿಟ್ಟರು. ಅರ್ಧ ಗಂಟೆ ಬದುಕಿದರೆ ಸಾಕು ಎಂದುಕೊಂಡಿದ್ದ ಯಂತ್ರ ಎರಡು ಗಂಟೆ ಬದುಕಿ, ಗೆರೆಗೆರೆಯಾಗಿ ಚಿತ್ರ ಕಳಿಸಿತು. ಚಪ್ಪಟೆ ಕಲ್ಲುಗಳು, ನಡುವೆ ಪುಡಿಮಣ್ಣು, ಮೂಲೆಯಲ್ಲಿ ನಮ್ಮ ಪಟ್ಟಿ. ಯಾರೋ ನನ್ನ ಸೌತೆಕಾಯಿಯ ಡಬ್ಬಿ ತೆರೆದು ಹಂಚಿಬಿಟ್ಟರು. ಅಲ್ಲಿಯವರೆಗೆ ಎಲ್ಲ ಕಪ್ಪುಬಿಳುಪು. ಕೆಂಪು, ಹಸಿರು, ನೀಲಿ ಗಾಜಿನ ಮೂರು ಶೋಧಕಗಳಿಂದ ಬಂದದ್ದನ್ನು ಸೇರಿಸಿ ಬಣ್ಣ ಕಟ್ಟುವುದು ಮರುದಿನದ ಕೆಲಸ.

ಮರುದಿನ ಹನ್ನೊಂದಕ್ಕೆ ನೊನ್ನಾ ಬಣ್ಣದ ಚಿತ್ರವನ್ನು ಪರದೆಯ ಮೇಲೆ ತಂದಳು. ಆಕಾಶ ಕಿತ್ತಳೆ, ಕಲ್ಲು ಕಿತ್ತಳೆ, ಮಣ್ಣು ಕಿತ್ತಳೆ. ನನ್ನ ಬಿಳಿಯೂ ಕಿತ್ತಳೆ.

ಚಿತ್ರಗಳನ್ನು ಪರಿಶೀಲಿಸಿ ವರದಿ ಬರೆಯುವ ಆಯೋಗದ ಅಧ್ಯಕ್ಷರು ಇನ್ನೊಕೆಂತಿ ಪಾವ್ಲೊವಿಚ್, ದಪ್ಪ ಕನ್ನಡಕದ ಮುದುಕರು. ಫಾರಂ ನೋಡಿ ಕನ್ನಡಕ ಸರಿಮಾಡಿಕೊಂಡರು. "ಬಿಳಿ ಸುಟ್ಟುಹೋಗಿದೆ," ಎಂದರು. "ಒಪ್ಪಿಗೆ ಆದ ಬಿಳೀನ ತೆಗೆಸಿ ಹಾಕಿದ್ದಂತೆ ಇದು. ಯಾರ ಸಹಿ ಇದು?"

"ನಂದು," ಎಂದೆ. ನೊನ್ನಾಳ ಮುಖ ನೋಡಲಾಗಲಿಲ್ಲ. ಪರದೆಯನ್ನೇ ನೋಡುತ್ತ ನಿಂತೆ. ಆಗ ನನ್ನ ಕಣ್ಣು ಪಟ್ಟಿಯ ಇನ್ನೊಂದು ತುದಿಗೆ ಹೋಯಿತು. ನೀಲಿ ಕಪ್ಪಾಗಿ ಕಾಣುತ್ತಿತ್ತು. ನನ್ನ ಮನೆಮಗಳು ಯಾವ ಬೆಂಕಿಗೂ ಕಪ್ಪಾಗುವವಳಲ್ಲ. ನೀಲಿ ಕಪ್ಪಾಗುವುದು ಒಂದೇ ಕಡೆ, ನೀಲಿ ಬೆಳಕೇ ಇಲ್ಲದ ಕಡೆ. ಸಭೆಯ ಕಡೆ ತಿರುಗಿದೆ.

"ಇಲ್ಲಿ ಯಾರ ಹತ್ರನಾದ್ರೂ ಕಿತ್ತಳೆ ಲ್ಯಾಂಪ್‌ಶೇಡ್ ಇದ್ಯಾ? ಎಲ್ರ ಮನೇಲೂ ಊಟದ ಮೇಜಿನ ಮೇಲೆ ತೂಗುತ್ತಲ್ಲ, ಅಂಥದ್ದು."

ಎಲ್ಲರೂ ನನ್ನ ತಲೆ ಕೆಟ್ಟಿತೆಂದುಕೊಂಡರು. ಬಾಗಿಲು ಕಾಯುವ ಪ್ರಸ್ಕೋವ್ಯಾ ಮಾತ್ರ, "ನನ್ ಕೋಣೇಲಿದೆ. ಕುಚ್ಚು ಕೀಳಬೇಡಿ ಮತ್ತೆ," ಎಂದಳು.

ರೇಷ್ಮೆಯ ಹಳೆಯ ಶೇಡು ಬಂತು. ಪರದೆಗಳನ್ನು ಎಳೆದು ಕಿಟಕಿ ಮುಚ್ಚಿದರು. ಶೇಡಿನ ಕೆಳಗೆ, ಸಂಸ್ಥೆಯಲ್ಲೇ ಉಳಿಸಿಕೊಂಡಿದ್ದ ನಮ್ಮ ಹೆಚ್ಚುವರಿ ಪಟ್ಟಿ ಇಟ್ಟೆ, ಅದರ ಪಕ್ಕ ನೊನ್ನಾ ಅಂಗಳದಿಂದ ತಂದ ಜಲ್ಲಿಕಲ್ಲು. ದೀಪ ಹಾಕಿದೆ. ಬಿಳಿ ಕಿತ್ತಳೆಯಾಯಿತು, ನೀಲಿ ಕಪ್ಪಾಯಿತು, ಬೂದು ಜಲ್ಲಿ ಶುಕ್ರನ ಕಲ್ಲೇ ಆಯಿತು.

"ಬಿಳಿ ಸುಟ್ಟಿಲ್ಲ ಸ್ವಾಮಿ," ಎಂದೆ. "ಅಲ್ಲಿ ಇಡೀ ಲೋಕಾನೇ ಇಂಥ ಶೇಡಿನ ಕೆಳಗೆ ಕೂತಿದೆ. ಆ ದಪ್ಪ ಗಾಳಿ, ಮೋಡ, ನೀಲೀನ ನುಂಗಿ ಬಿಡುತ್ತೆ."

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಮುದುಕರು ಪಟ್ಟಿಯನ್ನು ಬಗ್ಗಿ ನೋಡಿ, ಪರದೆ ನೋಡಿ, ಮತ್ತೆ ಪಟ್ಟಿ ನೋಡಿದರು.

"ಬೆಳಕು ಕಿತ್ತಳೆ ಅನ್ನೋದು ಒಪ್ಪಿದೆ ತಾಯಿ," ಎಂದರು. "ಆದ್ರೆ ಬೆಳಕೂ ಕಿತ್ತಳೆಯಾಗಿ, ನಿಮ್ಮ ಬಿಳೀನೂ ಬಿಸಿಗೆ ಹಳದಿ ತಿರುಗಿದ್ರೆ? ಎಷ್ಟು ಬೆಳಕಿಂದು, ಎಷ್ಟು ಬಿಸಿದು, ಹೇಗೆ ಹೇಳ್ತೀರಿ? ಮೂರು ಗಂಟೆಗೆ ವರದಿ ಹೋಗ್ಬೇಕು. ನಾನೂರ ಅರವತ್ತರಲ್ಲಿ ಇದು ಬೆಳ್ಳಗಿತ್ತು ಅಂತ ಒಂದು ಕಾಗದ ತೋರಿಸಿ, ನೆಲದ ಬಣ್ಣ ಬರೀತೀನಿ. ಇಲ್ದಿದ್ರೆ 'ಬಣ್ಣ ನಂಬುವಂತಿಲ್ಲ' ಅಂತ ಬರೀತೀನಿ."

ಕಾಗದ ಇರಲಿಲ್ಲ. ಮತ್ತೆ ಕಾಯಿಸಿ ತೋರಿಸೋಣವೆಂದರೆ ಅಲ್ಲಿನ ಕುಲುಮೆಗೆ ಕಿಂಡಿಯಿಲ್ಲ, ಗ್ಝೆಲ್‌ಗೆ ಹೋಗಿಬರುವಷ್ಟು ಹೊತ್ತೂ ಇಲ್ಲ. ಬೂದಾಗಲಿ ಕಂದಾಗಲಿ, ಆ ಕಲ್ಲಿನ ಬಣ್ಣ ನಮ್ಮ ಕಣ್ಣೆದುರೇ ಇತ್ತು, ಕೈಗೆ ಸಿಗುತ್ತಿರಲಿಲ್ಲ. ನಾನು ಕಂಡೆ ಎಂದರೆ ಏನು ಬಂತು? ಯಾವ ಬಾಣಸಿಗಿತ್ತಿ ತನ್ನ ಅಡುಗೆ ಸಪ್ಪೆ ಎನ್ನುತ್ತಾಳೆ?

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು. ರೊದಿಯೋನ್ ಸವೇಲ್ಯೆವಿಚ್ ಎದ್ದು ನಿಂತರು, ಕೋಟಿನ ಗುಂಡಿ ಹಾಕಿಕೊಂಡರು.

"ಬೆಳ್ಳಗಿತ್ತು. ನಾನೂರ ಅರವತ್ತರಲ್ಲಿ, ಎರಡು ಗಂಟೆ. ನಾನು ನೋಡಿದ್ದೀನಿ."

"ಅಳತೆ ಮಾಡಿದ್ರಾ?"

"ಇಲ್ಲ. ನೋಡಿದೆ."

"ಯಾವುದ್ರಿಂದ ನೋಡಿದ್ರಿ?"

"ಕಣ್ಣಿಂದ. ಕಾಗದ ಇಲ್ಲ. ವರದೀಲಿ ನನ್ನ ಹೆಸರು ಬರೀರಿ. ತಪ್ಪಾದ್ರೆ ನಂದೇ ತಪ್ಪು."

ಮುದುಕರು ಪೆನ್ನು ಕೆಳಗಿಟ್ಟರು. "ಇಪ್ಪತ್ತಾರು ವರ್ಷ ಆಯ್ತು ನಿನ್ನ ಜೊತೆ ಕೆಲಸ ಮಾಡಿ. ಊಟ ಆಯ್ತಾ ಅಂದ್ರೂ ರಸೀದಿ ತೋರಿಸೋನು ನೀನು. ಕಾಗದ ಇಲ್ದೆ ಮಾತಾಡಿದ್ದು ಇವತ್ತೇ ಕೇಳ್ತಿರೋದು." ಆಮೇಲೆ ನೊನ್ನಾಳ ಕಡೆ ತಿರುಗಿದರು. "ಏನಮ್ಮಾ ನೋಡ್ತಿದ್ದೀಯ? ಆ ಬಿಳೀನ ಬಿಳಿ ಅಂತ ಇಟ್ಕೊಂಡು ಬಣ್ಣ ತಿದ್ದು."

ಒಂದು ಗಂಟೆ ಹಿಡಿಯಿತು. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಂತು. ಪಟ್ಟಿಯ ಬಿಳಿ ಬೆಳ್ಳಗಾಯಿತು, ನೀಲಿ ನಸುವಾಗಿ ನೀಲಿಯಾಯಿತು. ಬೂದು ಕೂಡ ಹೆಚ್ಚುವರಿ ಪಟ್ಟಿಯ ಬೂದಿನ ಹಾಗೆಯೇ ಬಂತು; ಬಿಳಿ ಹಳದಿ ತಿರುಗಿದ್ದರೆ ಅದು ನೀಲಿ ಹೊಡೆಯುತ್ತಿತ್ತು. ಆಮೇಲೆ ಕಲ್ಲುಗಳು ಬಂದವು, ಒಂದರ ಪಕ್ಕ ಒಂದು, ಚಪ್ಪಟೆಯಾಗಿ, ಅಂಚು ಒಡೆದು. ಎಲ್ಲವೂ ಕಡು ಬೂದು.

"ಅಯ್ಯೋ, ಇಷ್ಟೇನಾ? ನಮ್ಮ ಬಸ್ ಸ್ಟ್ಯಾಂಡಿನ ಹಾಗಿದ್ಯಲ್ಲ," ಎಂದರು ಹಿಂದಿನಿಂದ ಯಾರೋ. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರಸ್ಕೋವ್ಯಾ ಕೂಡ ಶೇಡನ್ನು ತಬ್ಬಿಕೊಂಡು ನಗುತ್ತಿದ್ದಳು.

ನಾನು ಪರದೆಯ ಹತ್ತಿರ ಹೋಗಿ ನಿಂತೆ. ಸಂಜೆ ಎಲ್ಲಕ್ಕಿಂತ ಮೊದಲು ಹೊಳೆಯುವ ಆ ಚುಕ್ಕಿಯ ನೆಲ, ಯಾವ ವೇಷವೂ ಇಲ್ಲದೆ, ತನ್ನ ಬಣ್ಣದಲ್ಲಿ ನನ್ನ ಮುಂದೆ ಇತ್ತು. ಅದಕ್ಕಿಂತ ಚೆಂದದ ಬೂದು ನಾನು ನೋಡಿಲ್ಲ. ಮುದುಕರು ದೊಡ್ಡ ಪುಸ್ತಕ ತೆರೆದು "ನೆಲದ ಬಣ್ಣ: ಕಡು ಬೂದು" ಎಂದು ಬರೆದರು. ಕೆಳಗೆ ರೊದಿಯೋನ್ ಸವೇಲ್ಯೆವಿಚ್‌ರ ಹೆಸರು, ಅದರ ಕೆಳಗೆ ನನ್ನದು, ಪೂರ್ತಿ ಹೆಸರು. ನೊನ್ನಾ ನನ್ನ ಕುತ್ತಿಗೆಗೆ ಜೋತುಬಿದ್ದಳು.

ರೊದಿಯೋನ್ ಸವೇಲ್ಯೆವಿಚ್ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಯಾರಿಗೂ ಕೇಳಿಸದಂತೆ, "ಬಿಳಿಯಾಗೇ ಇತ್ತು, ಗ್ರೂಶಾ. ಅಲ್ಲೂ ಬಿಳಿಯಾಗೇ ಇತ್ತು," ಎಂದರು.

"ಮತ್ತಿನ್ನೇನು ಅಂದ್ಕೊಂಡಿದ್ರಿ?" ಎಂದೆ.

ಹಾಗೆಂದವಳೇ ಅಲ್ಲೇ ಗಳಗಳನೆ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.